ವಿಷಯಸೂಚಿ ನನ್ನಲ್ಲಿ, ಪದಸೂಚಿ ಅವಳಲ್ಲಿ

ವೆಬ್ ಅಪ್ಲಿಕೇಶನ್ ಮಾಡುವುದನ್ನು ಕಲಿಯಲೆಂದು ನಾನು ಈವರೆಗೆ ಆರು ಪುಸ್ತಕ ತಂದಿದ್ದೇನೆ. ಅದರಲ್ಲಿ ಯೋಚಿಸಿ ಆರಿಸಿದ್ದು ಎರಡೇ, ಮೊದಲನೆಯದು ಮತ್ತು ಕೊನೆಯದು. ನಡುವಿನ ನಾಲ್ಕನ್ನು ಆರಿಸಿದ್ದು ನನ್ನ ಸಿಟ್ಟು. "ಇಷ್ಟು ಓದಿದ್ರೆ ಡಾಕ್ಟ್ರೇ ಆಗ್ಬೋದಿತ್ತಲ್ಲೇ," ಅಂತ ನನ್ನ ಗಂಡ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾರೆ. ಡಾಕ್ಟರಾಗಿದ್ದರೆ ಮೊದಲು ನಿಮ್ಮ ಬಾಯಿಗೇ ಹೊಲಿಗೆ ಹಾಕುತ್ತಿದ್ದೆ ಅಂತ ನಾನು ಸಾರು ಬಡಿಸುತ್ತೇನೆ.

ಮೊದಲನೆಯ ಪುಸ್ತಕವನ್ನು ನಾನೊಬ್ಬಳೇ ಆರಿಸಲಿಲ್ಲ. ಜೊತೆಗೆ ನನ್ನ ಓರಗಿತ್ತಿ ಇದ್ದಳು, ನನ್ನ ಮೈದುನನ ಹೆಂಡತಿ. ಹಾನುಬಾಳಿನ ಹತ್ತಿರದ ನಮ್ಮ ಮನೆಗೆ ಅವಳು ಸೊಸೆಯಾಗಿ ಬಂದಾಗ ನನಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ನಾನು ಬಿಎ. ಅವಳು ಕಂಪ್ಯೂಟರ್ ಡಿಪ್ಲೊಮಾ. ಬರುವಾಗ ಒಂದು ಹಳೆಯ ಲ್ಯಾಪ್‌ಟಾಪ್ ಬೇರೆ ತಂದಿದ್ದಳು. ಇವಳ ಜಂಬ ಮುರಿಯಬೇಕು ಅಂತ ಅವಳನ್ನು ನೋಡುವ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಒಂದು ವಾರ ಮುಖ ಬಿಗಿದುಕೊಂಡು ಓಡಾಡಿದೆ. ಎಂಟನೆಯ ದಿನ ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನು ನಾನು ಕೆದರುತ್ತಿದ್ದಾಗ ಅವಳು ತಾನಾಗಿ ಬಂದು, "ಅಕ್ಕ, ನಂಗೆ ಈ ಮನೇಲಿ ಹೆದ್ರಿಕೆ ಆಯ್ತೈತೆ. ನೀನೂ ಮಾತಾಡ್ದಿದ್ರೆ ನಾನ್ಯಾರತ್ರ ಮಾತಾಡ್ಲಿ?" ಅಂದಳು. ಜಂಬ ಮುರಿದದ್ದು ನನ್ನದು.

ಕಣ ಕಾಯುವುದು ಆಮೇಲೆ ನಮ್ಮಿಬ್ಬರ ಕೆಲಸವಾಯಿತು. ಗಂಟೆಗೊಮ್ಮೆ ಎದ್ದು ಕಾಫಿ ಕೆದರಬೇಕು, ದನ ಬಂದರೆ ಓಡಿಸಬೇಕು, ಅಷ್ಟೆ. ಉಳಿದ ಹೊತ್ತೆಲ್ಲ ಮಾತು. ವೆಬ್ ಪುಟದ ವಿಚಾರ ಬಂದದ್ದೂ ಅಲ್ಲೇ. ನಮ್ಮ ಕಡೆ ರಾತ್ರಿ ಮಳೆಯಾದರೆ ಬೆಳಿಗ್ಗೆ ತೋಟದವರೆಲ್ಲ ಮಾಡುವ ಮೊದಲ ಕೆಲಸ ರೈನ್ ಗೇಜ್ ನೋಡುವುದು, ಎರಡನೆಯದು ಫೋನ್ ಹಚ್ಚುವುದು. "ಎಷ್ಟಾಯ್ತು?" "ಅರವತ್ತು ಸೆಂಟು. ನಿಮ್ಗೆ?" ಇಂಚಿನ ನೂರನೆಯ ಒಂದು ಪಾಲಿಗೆ ಇಲ್ಲಿ ಸೆಂಟು ಅನ್ನುತ್ತಾರೆ. ಗುಡ್ಡದ ಈಚೆ ಒಂದಿಂಚು ಸುರಿದರೆ ಆಚೆ ಹನಿಯೂ ಬಿದ್ದಿರುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಸಾಲದೆ ಹೋದರೆ ತಕ್ಷಣ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು, ಇಲ್ಲವಾದರೆ ಆ ವರ್ಷದ ಹೂ ಕಚ್ಚುವುದಿಲ್ಲ. ಹಾಗಾಗಿ ಮಳೆಯ ಮಾತು ನಮಗೆ ಬರೀ ಕುಶಲ ವಿಚಾರಣೆಯಲ್ಲ.

"ಒಂದು ಪುಟ ಐತೆ ಅಂದ್ಕ ಅಕ್ಕ," ಅಂದಳು ಅವಳು. "ಎಲ್ರೂ ಅವರವರ ಮಳೆ ಅದ್ರಲ್ಲಿ ಬರೀತಾರೆ. ಎಲ್ರಿಗೂ ಒಟ್ಗೆ ಕಾಣ್ತೈತೆ. ನಾವಿಬ್ರೇ ಮಾಡ್ಬೋದು ಕಣೇ."

ನಾವಿಬ್ಬರೇ! ಆ ಮಾತು ಕೇಳಿ ನನಗೆ ಆದ ಖುಷಿಯನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಆ ಮನೆಯಲ್ಲಿ ಅಡುಗೆ ಬಿಟ್ಟು ಬೇರೇನನ್ನಾದರೂ ನಾನು ಮಾಡಬಹುದು ಅಂತ ಯಾರೂ ಅಂದಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ.

ಆದರೆ ಡಿಪ್ಲೊಮಾದಲ್ಲಿ ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ವಿಡಿಯೋ ನೋಡಿ ಕಲಿಯೋಣವೆಂದರೆ ನಮ್ಮ ಮನೆ ತಗ್ಗಿನಲ್ಲಿದೆ, ಇರುವುದು ಲ್ಯಾಂಡ್‌ಲೈನ್ ಮಾತ್ರ, ಮೊಬೈಲ್ ಸಿಗ್ನಲ್ ಇಲ್ಲ. ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋದರೆ ಎರಡು ಗೆರೆ ಬರುತ್ತದೆ, ಸಂಜೆ ಐದರ ಮೇಲೆ ಆನೆಯ ಭಯ. ಪುಸ್ತಕವೇ ಸರಿ ಅಂತ ಒಂದು ದಿನ ಹಾಸನಕ್ಕೆ ಬಸ್ಸು ಹತ್ತಿದೆವು. ಬಸ್ ಸ್ಟ್ಯಾಂಡಿನ ಹತ್ತಿರದ ಹಳೆ ಪುಸ್ತಕದ ಅಂಗಡಿಯವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಮಗನ ಪರೀಕ್ಷೆಗಾ ಅಮ್ಮ?" ಅಂದ. "ಇಲ್ಲ, ನಮ್ಮ ಪರೀಕ್ಷೆಗೆ," ಅಂದೆ.

ನಾನು ತೆಳ್ಳಗಿನದೊಂದು ಹಿಡಿದೆ. ಅವಳು ಇಟ್ಟಿಗೆಯ ಗಾತ್ರದ್ದೊಂದನ್ನು ಎದೆಗೆ ಅವುಚಿಕೊಂಡಳು. ಇಂಗ್ಲಿಷಿನದು, ಒಂಬೈನೂರು ಪುಟದ ಮೇಲೆ. ಇದನ್ನು ಓದಿ ಮುಗಿಸುವಷ್ಟರಲ್ಲಿ ಮೊಮ್ಮಕ್ಕಳಾಗುತ್ತಾರೆ ಅಂತ ನಾನು ರೇಗಿದೆ. ಅವಳು ಬಿಡಲಿಲ್ಲ. "ತೆಳ್ಳಗಿರೋನು ನಮ್ಮನ್ನ ಅರ್ಧ ದಾರೀಲಿ ಇಳಿಸ್ಬುಟ್ಟು ಹೋಗ್ತಾನೆ ಅಕ್ಕ. ಇವ್ನು ಊರು ಮುಟ್ಟಿಸ್ತಾನೆ." ಕೊನೆಗೆ ದಪ್ಪನೆಯದನ್ನೇ ತಂದೆವು. ಬಸ್ಸಿನಲ್ಲಿ ಅದನ್ನು ಇಬ್ಬರ ತೊಡೆಯ ಮೇಲೂ ಬರುವ ಹಾಗೆ ಇಟ್ಟುಕೊಂಡು, ಸಕಲೇಶಪುರ ಬರುವವರೆಗೂ ಮೊದಲ ಪುಟವನ್ನೇ ಓದಿದೆವು. ಓದಿದಳು ಅವಳು. ನಾನು ಪ್ರತಿ ಸಾಲಿಗೂ ಅಂದರೇನು, ಅಂದರೇನು ಅಂತ ಪೀಡಿಸಿದೆ.

ತಂದ ಮೇಲೆ ತೊಂದರೆ ಶುರುವಾಯಿತು. ಪುಸ್ತಕ ಒಂದು, ಓದುವವರು ಇಬ್ಬರು. ಅವಳು ಮುಂದೆ ಮುಂದೆ ಓಡುತ್ತಿದ್ದಳು, ನಾನು ಮೊದಲ ಪಾಠದ ಎಚ್‌ಟಿಎಂಎಲ್‌ನಲ್ಲೇ ಹೂತುಕೊಂಡಿದ್ದೆ. ನನಗೆ ತಾಳ್ಮೆ ಕಡಿಮೆ. ಒಂದು ಮಧ್ಯಾಹ್ನ ಕಣದಲ್ಲೇ, ಚಿಗುರು ತೆಗೆಯುವ ಚಾಕುವಿನಿಂದ ಪುಸ್ತಕದ ಬೆನ್ನನ್ನು ನಡುವೆ ಸೀಳಿ ಎರಡು ಮಾಡಿದೆ. ಅವಳು ಅಯ್ಯೋ ಅಂತ ಬಾಯಿಗೆ ಕೈಯಿಟ್ಟುಕೊಂಡು ಆಮೇಲೆ ನಗತೊಡಗಿದಳು. ಹಾಳೆ ಉದುರದಿರಲೆಂದು ಕಾಫಿ ಚೀಲ ಹೊಲಿಯುವ ದಬ್ಬಳ, ಸುತಲಿ ದಾರ ತಂದು ಎರಡು ಅರ್ಧಕ್ಕೂ ಹೊಲಿಗೆ ಹಾಕಿದೆವು. ಪುಟ ಹೇಗಿರಬೇಕು, ಹೇಗೆ ಕಾಣಬೇಕು ಅನ್ನುವ ಮೊದಲರ್ಧ ನನಗೆ. ಬರೆದದ್ದು ಎಲ್ಲಿಗೆ ಹೋಗುತ್ತದೆ, ಎಲ್ಲಿ ಉಳಿಯುತ್ತದೆ ಅನ್ನುವ ಎರಡನೆಯ ಅರ್ಧ ಅವಳಿಗೆ. ಪುಸ್ತಕದ ಮುಂದಿನ ವಿಷಯಸೂಚಿ ನನ್ನ ಕಡೆ ಬಂತು. ಹಿಂದಿನ ಪದಸೂಚಿ ಅವಳ ಕಡೆ ಹೋಯಿತು. ಏನಾದರೂ ಹುಡುಕಬೇಕಾದರೆ ಒಬ್ಬರು ಇನ್ನೊಬ್ಬರನ್ನು ಕೂಗಲೇಬೇಕು. ಎರಡು ಬೇಸಗೆ ಹಾಗೆ ಕಳೆದವು. ಅಷ್ಟು ಸುಖವಾಗಿ ನಾನು ಯಾವತ್ತೂ ಇದ್ದಿಲ್ಲ.

ಆಮೇಲೆ ಮನೆ ಪಾಲಾಯಿತು. ಅಣ್ಣತಮ್ಮಂದಿರ ನಡುವೆ ಏನಾಯಿತು ಅನ್ನುವುದು ಇಲ್ಲಿ ಬೇಡ, ಇಬ್ಬರೂ ಹೇಳುವುದು ಬೇರೆಬೇರೆ. ಆಲೂರು ಕಡೆ ಪಾಳ್ಯದಲ್ಲಿ ನಮಗೆ ಗದ್ದೆ, ರಾಗಿ ಹೊಲ, ಅಂಚಿನಲ್ಲಿ ಸ್ವಲ್ಪ ಕಾಫಿ ಇತ್ತು. ಅದು ಮೈದುನನಿಗೆ ಹೋಯಿತು. ಪಾತ್ರೆ, ಕೊಡಲಿ, ಹಾಸಿಗೆ ಎಲ್ಲವನ್ನೂ ಜಗಲಿಯಲ್ಲಿ ಎರಡು ಗುಂಪು ಮಾಡಿ ಇಟ್ಟಿದ್ದರು. ನನಗೆ ಎಲ್ಲರ ಮೇಲೂ ಸಿಟ್ಟು. ಅವಳು ಒಂದು ಮಾತು ಬೇಡ ಅಂದಿದ್ದರೆ ಇದು ನಿಲ್ಲುತ್ತಿತ್ತು ಅಂತ ಅವಳ ಮೇಲೂ ಸಿಟ್ಟು. ನಾನೂ ಒಂದು ಮಾತು ಅನ್ನಲಿಲ್ಲವಲ್ಲ ಅನ್ನುವುದು ಆಗ ತಲೆಗೆ ಬರಲಿಲ್ಲ.

ಜೀಪಿಗೆ ಸಾಮಾನು ತುಂಬುವಾಗ ಅವಳು ತನ್ನ ಅರ್ಧ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಅಕ್ಕ, ಇವೆರಡು ಬೇರೆ ಆಗೋದು ಬ್ಯಾಡ. ಎರಡೂ ನೀನೇ ಇಟ್ಕ," ಅಂದಳು.

ನಾನು ಒಲೆಯ ಕಡೆ ತಿರುಗಿಕೊಂಡೇ ಹೇಳಿದೆ: "ಪಾಲು ಅಂದ್ಮೇಲೆ ಪಾಲು. ನಿನ್ನ ಅರ್ಧ ನೀನು ತಗಂಡೋಗು."

ಅವಳು ಅದನ್ನು ತೆಗೆದುಕೊಂಡೇ ಹೋದಳು. ಆಮೇಲೆ ಜೀಪು ಹೊರಟ ಸದ್ದು ಕೇಳಿಸಿತು. ಅದಾಗಿ ನಾಲ್ಕು ವರ್ಷ. ಅವಳೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ನಾನು ಮಾಡಬೇಕಿತ್ತು. ಅಂದವಳು ನಾನು.

ಉಳಿದ ಪುಸ್ತಕಗಳು ಬಂದದ್ದು ಇದಾದ ಮೇಲೆ. ಅವಳ ಲ್ಯಾಪ್‌ಟಾಪ್ ಅವಳ ಜೊತೆ ಹೋಗಿತ್ತು, ನಾನೂ ಒಂದು ಹಳೆಯದನ್ನು ಕೊಂಡೆ. ನೀನಿಲ್ಲದೆಯೂ ಕಲಿಯುತ್ತೇನೆ ನೋಡು ಅಂತ ಯಾರಿಗೋ ತೋರಿಸುವ ಹಟ. ಅಂಚೆಯಲ್ಲಿ ತರಿಸಿದ ಎರಡನೆಯದರ ಮೇಲೆ ಏನೂ ಗೊತ್ತಿಲ್ಲದವರಿಗಾಗಿ ಅಂತ ಬರೆದಿತ್ತು. ಮೂರನೆಯ ಪುಟದಲ್ಲೇ ನಿಮಗೆ ಈಗಾಗಲೇ ಗೊತ್ತಿರುವಂತೆ ಅಂತ ಶುರು ಮಾಡಿದ. ಗೊತ್ತಿದ್ದರೆ ನಿನ್ನನ್ನು ಯಾಕಪ್ಪ ತರಿಸುತ್ತಿದ್ದೆ? ಮೂರನೆಯದು ಹಾಸನದ ಅದೇ ಅಂಗಡಿಯದು, ಹಳೆಯದು. ಪುಸ್ತಕದಲ್ಲಿದ್ದ ಗುಂಡಿಗಳು ನನ್ನ ಪರದೆಯಲ್ಲಿ ಇರಲಿಲ್ಲ, ನನ್ನ ಪರದೆಯಲ್ಲಿದ್ದವು ಪುಸ್ತಕದಲ್ಲಿರಲಿಲ್ಲ. ನಾಲ್ಕನೆಯದರ ತುಂಬ ಒಂದೇ ಉದಾಹರಣೆ, ಅಂಗಡಿ. ಬೂಟು ಆರಿಸು, ಬುಟ್ಟಿಗೆ ಹಾಕು, ಬುಟ್ಟಿಯಿಂದ ತೆಗೆ. ಮಳೆಯನ್ನು ಬುಟ್ಟಿಗೆ ಹಾಕುವುದು ಹೇಗೆ ಅಂತ ನಾನು ಮೂರು ತಿಂಗಳು ತಲೆ ಚಚ್ಚಿಕೊಂಡೆ.

ಐದನೆಯದು ಕನ್ನಡದ್ದು. ಅದನ್ನು ಬೈಯಲು ಮನಸ್ಸು ಬರುವುದಿಲ್ಲ. ಪಾಪ, ಬರೆದವರು ಮೌಸ್ ಹಿಡಿಯುವುದರಿಂದ ಶುರು ಮಾಡಿ ಬಹಳ ಮರ್ಯಾದೆಯಿಂದ ಹೇಳಿದ್ದರು. ಓದುವಾಗ ಯಾರೋ ಪಕ್ಕದಲ್ಲಿ ಕೂತ ಹಾಗಿತ್ತು. ಆದರೆ ಬರೆದದ್ದನ್ನು ಉಳಿಸಿಡುವ ಕಡೆಗೆ ಬರುವಷ್ಟರಲ್ಲಿ ಪುಟ ಮುಗಿಯಿತು. ಇನ್ನು ಮುಂದಿನದನ್ನು ಬಲ್ಲವರಿಂದ ಕೇಳಿ ತಿಳಿಯಬೇಕು ಅಂತ ಕೊನೆಯ ಸಾಲು. ನನ್ನ ಬಲ್ಲವಳು ಪಾಳ್ಯದಲ್ಲಿದ್ದಳು.

ಅಂಥ ದಿನ ನನ್ನ ಅರ್ಧ ಪುಸ್ತಕವನ್ನು ತೆಗೆದು ವಿಷಯಸೂಚಿ ಓದುತ್ತಿದ್ದೆ. ನನ್ನಲ್ಲಿಲ್ಲದ ಅಧ್ಯಾಯಗಳ ಹೆಸರುಗಳೆಲ್ಲ ಅಲ್ಲಿದ್ದವು. ಮಾಹಿತಿ ಉಳಿಸುವುದು. ಬಂದ ಮಾಹಿತಿಯನ್ನು ಪರೀಕ್ಷಿಸುವುದು. ತಪ್ಪು ಎಲ್ಲಾಗಿದೆ ಎಂದು ಹುಡುಕುವುದು. ಮುಂದೆ ಪುಟದ ಸಂಖ್ಯೆ. ಆ ಸಂಖ್ಯೆಯ ಹಾಳೆಗಳು ಅಲ್ಲಿ ಯಾವ ಕಪಾಟಿನಲ್ಲಿವೆಯೋ, ಒಲೆಗೇ ಹೋದವೋ. ಇಡೀ ಪುಸ್ತಕವನ್ನು ಮತ್ತೆ ಕೊಳ್ಳಬಹುದಿತ್ತು. ಹೊಸ ಮುದ್ರಣ ಒಮ್ಮೆ ಕಣ್ಣಿಗೂ ಬಿತ್ತು, ಕೈಗೆತ್ತಿಕೊಂಡೆ, ವಾಪಸ್ಸಿಟ್ಟೆ. ಅದನ್ನು ತಂದರೆ ಅವಳ ಅರ್ಧ ನನಗೆ ಬೇಡವಾದಂತೆ ಅನ್ನಿಸಿತು. ನನಗೆ ಅದು ಬೇಕಿತ್ತು. ಅದರ ಜೊತೆ ಅವಳೂ ಬೇಕಿತ್ತು.

ಹೋದ ವರ್ಷ ಮಳೆಗಾಲ ಮುಗಿಯುವಾಗ ಆರನೆಯದನ್ನು ಆರಿಸಿದೆ. ಇಷ್ಟರಲ್ಲಿ ಆರಿಸುವ ಕ್ರಮ ತಿಳಿದಿತ್ತು. ಹೊದಿಕೆ ನೋಡಬಾರದು. ಮೊದಲ ಅಧ್ಯಾಯವನ್ನು ಓದಲೇಬಾರದು, ಅಲ್ಲಿ ಎಲ್ಲರೂ ಒಳ್ಳೆಯವರೇ. ನಡುವೆ ತೆರೆದು, ಸಿಂಪ್ಲಿ ಅನ್ನುವ ಪದ ಎಷ್ಟು ಸಲ ಬಂದಿದೆ ನೋಡಬೇಕು. ಅದು ಇರುವ ಕಡೆಯಲ್ಲೆಲ್ಲ ನನಗೆ ಎರಡು ದಿನ ಹಿಡಿಯುತ್ತದೆ. ಆಮೇಲೆ, ಬರೆದವನು ತಾನು ಮಾಡಿದ ತಪ್ಪನ್ನು ಎಲ್ಲಾದರೂ ಒಪ್ಪಿಕೊಂಡಿದ್ದಾನಾ ಅಂತ ಹುಡುಕಬೇಕು. ಈ ಪುಸ್ತಕದಲ್ಲಿ ಹತ್ತು ಪುಟಕ್ಕೊಮ್ಮೆ ಇಲ್ಲಿ ನಾನು ಎಡವಿದ್ದೆ ಅಂತ ಇತ್ತು. ಇವನು ನಮ್ಮವನು ಅಂದುಕೊಂಡು ತಂದೆ. ತೆಳ್ಳಗಿನದು. ತರುವಾಗ ಅವಳ ಹತ್ತಿರ ವಾದ ಮಾಡಬೇಕು ಅನ್ನಿಸಿತು.

ಸಂಕ್ರಾಂತಿಯ ಮೊದಲು ನನ್ನ ಮಳೆಯ ಪುಟ ಸಿದ್ಧವಾಯಿತು. ಊರು ಆರಿಸಬೇಕು, ಎಷ್ಟು ಸೆಂಟು ಅಂತ ಬರೆಯಬೇಕು, ಕಳಿಸಬೇಕು. ಏನೂ ಬರೆಯದೆ ಕಳಿಸಿದರೆ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ ಬರುತ್ತದೆ. ಬಂದ ಮಾಹಿತಿಯನ್ನು ಪರೀಕ್ಷಿಸುವ ಬಗ್ಗೆ ಪುಸ್ತಕದಲ್ಲಿ ದೊಡ್ಡ ಅಧ್ಯಾಯವೇ ಇತ್ತು, ಅದನ್ನು ಹಾರಿಸಿದೆ. ಮಳೆ ಬರೆಯುವವರೇನು ಕಳ್ಳರೇ? ಊರುಗಳ ಪಟ್ಟಿಯಲ್ಲಿ ಹಾನುಬಾಳು, ಸಕಲೇಶಪುರ ಮತ್ತು ಸುತ್ತಲಿನ ಹತ್ತಾರು ಊರು ಹಾಕಿ, ಕೊನೆಗೆ ಪಾಳ್ಯವನ್ನೂ ಹಾಕಿದೆ. ಪಾಳ್ಯದವರು ಯಾರೂ ಕೇಳಿರಲಿಲ್ಲ. ಮೊಬೈಲಿನ ಬೆಳೆಗಾರರ ಗುಂಪಿಗೆ ಕಳಿಸಿದೆ. ಆ ಗುಂಪಿನಲ್ಲಿ ಅವಳೂ ಇದ್ದಾಳೆ ಅಂತ ನನಗೆ ಗೊತ್ತಿತ್ತು.

ಎಲ್ಲರೂ ಭೇಷ್ ಅಂದರು. ಆಮೇಲೆ ಎರಡು ತಿಂಗಳು ಪುಟ ಖಾಲಿ ಇತ್ತು, ಮಳೆಯೇ ಇರಲಿಲ್ಲ. ಮಳೆ ಇಲ್ಲದ ದಿನ ನಮ್ಮಲ್ಲಿ ಯಾರೂ ಏನೂ ಬರೆಯುವುದಿಲ್ಲ. ಆದರೂ ನಾನು ದಿನಾ ಟ್ಯಾಂಕಿನ ಹತ್ತಿರ ಹೋಗಿ ಪುಟ ತೆರೆದು ನೋಡುತ್ತಿದ್ದೆ. ನೋಡುತ್ತಿದ್ದುದು ಒಂದೇ ಸಾಲು, ಕೊನೆಯದು.

ಮಾರ್ಚಿನಲ್ಲಿ ಮೊದಲ ಹೂಮಳೆ ಬಂತು. ನಮಗೆ ಎಪ್ಪತ್ತು ಸೆಂಟು. ಬೆಳಿಗ್ಗೆ ಒಂಬತ್ತರೊಳಗೆ ಪಟ್ಟಿಯ ಅರ್ಧ ಊರು ತುಂಬಿಕೊಂಡಿತು. ನನ್ನ ಗಂಡನೇ ಇಬ್ಬರಿಗೆ ಫೋನ್ ಮಾಡಿ, ನಮ್ಮನೆಯವಳು ಮಾಡಿದ್ದು ಅಂದರು. ಪಾಳ್ಯದ ಸಾಲು ಖಾಲಿ. ಅಲ್ಲಿ ಮಳೆ ಬಿದ್ದಿರಲಿಕ್ಕಿಲ್ಲ ಅಂತ ಒಂದು ದಿನ ಸಮಾಧಾನ ಮಾಡಿಕೊಂಡೆ. ಎರಡನೆಯ ಮಳೆಯ ದಿನವೂ ಖಾಲಿ. ನಾನು ಮಾಡಿದ್ದು ಅಂತ ಗೊತ್ತಿದ್ದೂ ಒಮ್ಮೆಯಾದರೂ ಮುಟ್ಟಿ ನೋಡದಷ್ಟು ಹಗೆಯಾ ನಿನಗೆ ಅಂತ ಟ್ಯಾಂಕಿನ ಹತ್ತಿರ ಒಬ್ಬಳೇ ನಿಂತು ಕೂಗಿದೆ. ಪಟ್ಟಿಯಿಂದ ಪಾಳ್ಯವನ್ನು ಕಿತ್ತು ಹಾಕಬೇಕು ಅನ್ನಿಸಿತು.

ಒಂದು ಊರನ್ನು ತೆಗೆದರೆ ಉಳಿದದ್ದು ಹಾಳಾಗುತ್ತದೋ ಏನೋ ಅಂತ ಪುಸ್ತಕ ತೆರೆದೆ. ಕಣದಲ್ಲಿ ಕಾಳುಮೆಣಸು ಒಣಗುತ್ತಿತ್ತು, ಪಕ್ಕದಲ್ಲಿ ಕೂತಿದ್ದೆ. ತೆಗೆಯುವ ವಿಷಯ ಇದ್ದದ್ದು ನಾನು ಹಾರಿಸಿದ್ದ ಅಧ್ಯಾಯದ ಕೊನೆಯಲ್ಲಿ. ಹಾಗಾಗಿ ಅದನ್ನು ಓದಲೇಬೇಕಾಯಿತು. ಇಲ್ಲಿ ನಾನು ಎಡವಿದ್ದೆ ಅಂತ ಬರೆದವನು ಹೇಳುತ್ತಿದ್ದ. ಬರೆಯಬೇಕಾದ ಜಾಗ ಖಾಲಿ ಇದೆಯೇ ಎಂದು ನೋಡಲು ನೀವು ಹೀಗೆ ಬರೆದಿದ್ದರೆ ಹುಷಾರು. ಈ ಭಾಷೆಗೆ ಖಾಲಿಯೂ ಒಂದೇ, ಸೊನ್ನೆಯೂ ಒಂದೇ. ಯಾರಾದರೂ ಸೊನ್ನೆ ಕಳಿಸಿದರೆ ನಿಮ್ಮ ಪುಟ ಅದನ್ನು ಎಸೆದುಬಿಡುತ್ತದೆ. ಅನುಮಾನವಿದ್ದರೆ ಲಾಗ್ ತೆರೆದು ನೋಡಿ. ಪುಟಕ್ಕೆ ಯಾರು ಯಾವಾಗ ಏನು ಕಳಿಸಿದರೂ, ಪುಟ ಅದನ್ನು ಒಪ್ಪಲಿ ಬಿಡಲಿ, ಸರ್ವರ್ ಅದನ್ನು ಲಾಗ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ.

ಅವನು ತೋರಿಸಿದ ಸಾಲು ನನ್ನ ಸಾಲೇ. ಅಕ್ಷರಕ್ಕೆ ಅಕ್ಷರ.

ಮೆಣಸನ್ನು ಹಾಗೇ ಬಿಟ್ಟು ಲ್ಯಾಪ್‌ಟಾಪ್ ಹಿಡಿದುಕೊಂಡು ಗುಡ್ಡ ಹತ್ತಿದೆ. ಲಾಗ್ ಅನ್ನುವುದೊಂದಿದೆ ಅಂತಲೇ ನನಗೆ ಗೊತ್ತಿರಲಿಲ್ಲ, ಹುಡುಕಿ ತೆರೆಯಲು ಅರ್ಧ ಗಂಟೆ ಬೇಕಾಯಿತು. ನಾನು ಗುಂಪಿಗೆ ಕಳಿಸಿದ ಮರುದಿನ, ಬೆಳಿಗ್ಗೆ ಏಳು ನಲವತ್ತು, ಪಾಳ್ಯ, ಸೊನ್ನೆ. ಅದರ ಮರುದಿನ, ಏಳು ನಲವತ್ತೆರಡು, ಪಾಳ್ಯ, ಸೊನ್ನೆ. ಅದರ ಮರುದಿನವೂ. ಕೆಳಗೆ ಎಳೆದಷ್ಟೂ ಅದೇ. ಜನವರಿ ಮುಗಿಯಿತು, ಫೆಬ್ರವರಿ ಮುಗಿಯಿತು. ಹಬ್ಬದ ದಿನವೂ ಬಿಟ್ಟಿಲ್ಲ. ನಮಗೆ ಮಳೆ ಬಿದ್ದ ಎರಡು ದಿನವೂ ಅಲ್ಲಿ ಸೊನ್ನೆಯೇ. ನಮ್ಮ ಮನೆಯಲ್ಲಿದ್ದಾಗ ಅವಳು ರೈನ್ ಗೇಜ್ ನೋಡಲು ಅಂಗಳಕ್ಕೆ ಇಳಿಯುತ್ತಿದ್ದುದು ಅದೇ ಹೊತ್ತಿಗೆ. ಮಳೆ ಬರದ ಆಕಾಶದ ಕೆಳಗೆ ನಿಂತು ಯಾರು ದಿನಾ ಸೊನ್ನೆ ಕಳಿಸುತ್ತಾರೆ? ಏನೂ ಬಿದ್ದಿಲ್ಲ ಅಂತ ನನಗೆ ತಿಳಿಸುವ ಅಗತ್ಯ ಯಾರಿಗಿದೆ?

ಆಮೇಲೆ ಇನ್ನೊಂದು ಹೊಳೆಯಿತು. ಅವಳು ಕಳಿಸಿದ ಪ್ರತಿ ಸಲವೂ ನನ್ನ ಪುಟ ಅವಳಿಗೆ ಉತ್ತರ ಕೊಟ್ಟಿತ್ತು. ಆ ಕೆಂಪು ಅಕ್ಷರದ ಎಚ್ಚರಿಕೆ ನಾನೇ ಬರೆದದ್ದು: ನೀವು ಏನನ್ನೂ ಹೇಳಿಲ್ಲ. ಎರಡೂವರೆ ತಿಂಗಳು, ದಿನಾ ಬೆಳಿಗ್ಗೆ, ನೀನು ಏನೂ ಹೇಳಿಲ್ಲ ಅಂತ ನಾನು ಅವಳ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ಮರುದಿನ ಅವಳು ಮತ್ತೆ ಬಂದು ಹೇಳಿದ್ದಳು. ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಅತ್ತೆ. ಸಂಕಟಕ್ಕೋ ಸಂತೋಷಕ್ಕೋ ಗೊತ್ತಿಲ್ಲ, ಬಹಳ ಹೊತ್ತು ಅತ್ತೆ.

ಆ ಸಾಲನ್ನು ತಿದ್ದಲು ಎರಡು ನಿಮಿಷ ಸಾಕಾಯಿತು. ಫೋನ್ ತೆಗೆದು ಅವಳ ನಂಬರನ್ನು ಎರಡು ಸಲ ಒತ್ತಿ, ಎರಡು ಸಲವೂ ರಿಂಗಾಗುವ ಮೊದಲೇ ಕಟ್ ಮಾಡಿದೆ. ಏನಂತ ಶುರು ಮಾಡುವುದು? ಐದಾಗುತ್ತಿತ್ತು. ಇಳಿದು ಬಂದೆ.

ಮರುದಿನ ತಿಂಡಿಗೆ ಮೊದಲೇ ಮತ್ತೆ ಹತ್ತಿದೆ. ಏಳು ನಲವತ್ತೊಂದಕ್ಕೆ ಕೊನೆಯ ಸಾಲಿನಲ್ಲಿ ಸೊನ್ನೆ ಮೂಡಿತು. ಒಂದು ನಿಮಿಷ ಬಿಟ್ಟು, ಅದೇ ಸಾಲಿನಲ್ಲಿ ಇನ್ನೊಂದು ಸೊನ್ನೆ. ಅವಳಿಗೆ ನಂಬಿಕೆ ಬಂದಿರಲಿಕ್ಕಿಲ್ಲ. ಆಮೇಲೆ ನನ್ನ ಫೋನ್ ರಿಂಗಾಯಿತು. ನಾಲ್ಕು ವರ್ಷದಿಂದ ಬಾರದ ನಂಬರು. ಎತ್ತಿದೆ. ಆ ಕಡೆ ಹಸು ಕೂಗುವುದು ಕೇಳಿಸಿತು, ಅವಳ ಉಸಿರು ಕೇಳಿಸಿತು.

"ಅಕ್ಕ," ಅಂದಳು. "ಇವತ್ತು ತಗಂತು."

"ಹ್ಞೂಂ ಕಣೇ," ಅಂದೆ. ಅವಳು ಫೋನ್ ಇಡಲಿಲ್ಲ. ಒಂದು ಹೆಜ್ಜೆ ಆಚೀಚೆಯಾದರೂ ಅಲ್ಲಿ ಸಿಗ್ನಲ್ ಹೋಗುತ್ತದೆ. ನಾನು ಅಲ್ಲಾಡದೆ ನಿಂತೆ.